ಗರ್ಭಿಣಿ, ಮನೆಯ ನಾಯಿ, ಕೇಂದ್ರದ ತೋಳ: ಯಾರ ಹತ್ತಿರ ಎಷ್ಟು ಹೋಗಬಹುದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಪಶುವೈದ್ಯೆ. ಗಾಯಗೊಂಡ, ಬಾವಿಗೆ ಬಿದ್ದ, ತಾಯಿಯಿಂದ ತಪ್ಪಿಹೋದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಕೆಲಸ. ಅಲ್ಲಿ ತೋಳಗಳಿವೆ, ಮನೆಯಲ್ಲಿ ನಾಯಿ ಇದೆ. ನನಗೀಗ ಆರು ತಿಂಗಳು. "ನಾಯೀನ ಯಾರಿಗಾದ್ರೂ ಕೊಟ್ಬಿಡಮ್ಮ, ಕೂದ್ಲು ಹೊಟ್ಟೆಗೆ ಹೋದ್ರೆ ಮಗೂಗೆ ಒಳ್ಳೇದಲ್ಲ" ಅಂತ ನಮ್ಮತ್ತೆ ಹೇಳ್ತಾನೇ ಇರ್ತಾರೆ. ತೋಳದ ಬಗ್ಗೆ ಮಾತ್ರ ಯಾರೂ ಕೇಳಲ್ಲ. ನಿಜ ಹೇಳಬೇಕಂದ್ರೆ ಲೆಕ್ಕ ಉಲ್ಟಾ ಇದೆ.

ಮೊದಲು ನಾಯಿ. ಕೂದಲು ಹೊಟ್ಟೆಗೆ ಹೋಗಿ ಮಗುವಿಗೆ ತೊಂದರೆ ಆಗೋದಿಲ್ಲ. ಗರ್ಭಿಣಿಯರನ್ನು ಹೆದರಿಸುವ ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ಮೊಟ್ಟೆಯಂಥ ರೂಪ ಹೊರಬೀಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ, ನಾಯಿಯ ಮಲದಲ್ಲಲ್ಲ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು ತರಕಾರಿಯಿಂದಲೂ ಅದು ಬರುತ್ತೆ.

ಹಾಗಂತ ನಾಯಿಯಿಂದ ಅಪಾಯವೇ ಇಲ್ಲ ಅಂತಲ್ಲ. ಮಲದಲ್ಲಿ ಹುಳುವಿನ ಮೊಟ್ಟೆ ಇರಬಹುದು; ಕಾಲಕಾಲಕ್ಕೆ ಜಂತುಹುಳದ ಔಷಧಿ ಹಾಕಿಸಿ, ಮಲ ಎತ್ತೋ ಕೆಲಸ ಬೇರೆಯವರಿಗೆ ಬಿಡಿ. ಇಲಿಜ್ವರ ನಾಯಿಯ ಮೂತ್ರದಿಂದಲೂ ಹರಡಬಹುದು, ಗರ್ಭಪಾತಕ್ಕೂ ಕಾರಣವಾಗಬಹುದು. ಅದಕ್ಕೆ ನಾಯಿಗೆ ಲಸಿಕೆ ಇದೆ. ನಾಯಿ ಮರಿ ಹಾಕುವಾಗ, ಕಂದು ಹಾಕಿದಾಗ ನೀವು ಕೈ ಹಾಕಬೇಡಿ. ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಆ ದ್ರವಗಳಲ್ಲಿ ಇರಬಹುದು. ಇನ್ನು ಬೀಳೋ ಭಯ. ಹೊಟ್ಟೆ ಮುಂದೆ ಬಂದಾಗ ದೇಹದ ಸಮತೋಲ ಬದಲಾಗುತ್ತೆ. ಜಿಗಿಯೋ ನಾಯಿ, ಕಾಲಿಗೆ ಸುತ್ತಿಕೊಳ್ಳೋ ಬೆಲ್ಟು ಎರಡೂ ಬೀಳಿಸಬಹುದು. ಜಿಗಿಯದಂತೆ ಈಗಲೇ ಕಲಿಸಿ.

ಎಲ್ಲಕ್ಕಿಂತ ಮುಖ್ಯ ಮಾತು ರೇಬಿಸ್. ನಾಯಿ ಕಚ್ಚಿದರೆ, "ಹೆರಿಗೆ ಆಗ್ಲಿ, ಆಮೇಲೆ ನೋಡೋಣ" ಅನ್ನಬೇಡಿ. ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಈ ಲಸಿಕೆಯನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ಗಾಯ ಆಳವಾಗಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ತಾಯಿ ಉಳಿಯೋದು ಹೆಚ್ಚುಕಡಿಮೆ ಅಸಾಧ್ಯ.

ಈಗ ತೋಳಕ್ಕೆ ಬರೋಣ. ನೋಡೋಕೆ ನಾಯಿಯ ಹಾಗೇ ಇರುತ್ತೆ, ಸಂಬಂಧವೂ ಹತ್ತಿರದ್ದು. ಆದರೆ ನಾಯಿ ಮನುಷ್ಯನ ಜೊತೆ ಕಡಿಮೆ ಅಂದರೂ 15,000 ವರ್ಷ ಬಾಳಿದೆ. ಬಾಟಲಿ ಹಾಲು ಕುಡಿಸಿ ಬೆಳೆಸಿದ ತೋಳದ ಮರಿ ನಮಗೆ ಒಗ್ಗಿಕೊಳ್ಳಬಹುದು, ಸಾಕುಪ್ರಾಣಿ ಆಗೋದಿಲ್ಲ. ನಮ್ಮ ಕಡೆಯ ತೋಳ ಸುಮಾರು 20 ಕಿಲೋ ತೂಗುತ್ತೆ; ಆಟಕ್ಕೆ ಮೈಮೇಲೆ ಬಂದರೂ ನನ್ನಂಥವಳು ಬೀಳುತ್ತೇನೆ. ಹೊಸದಾಗಿ ತಂದ ತೋಳ ಹಿಂದೆ ಯಾವ ಹುಚ್ಚುನಾಯಿಯ ಜೊತೆ ಕಚ್ಚಾಡಿತ್ತೋ ಹೇಳೋರು ಯಾರು?

ಹೊರಗಿನವರಿಗೆ ಕಾಣದ ಇನ್ನೊಂದು ಅಪಾಯ ಅರಿವಳಿಕೆಯದು. ತೋಳವನ್ನು ಹಿಡಿಯಲು ಬಳಸುವ ಕ್ಸೈಲಜೀನ್, ಮೆಡೆಟೊಮಿಡೀನ್‌ನಂಥ ಔಷಧಿ ಅಕಸ್ಮಾತ್ ಸೂಜಿ ಚುಚ್ಚಿ ಗರ್ಭಿಣಿಯ ಮೈ ಸೇರಿದರೆ ಗರ್ಭಕೋಶ ಸಂಕುಚಿಸಬಹುದು, ಮಗುವಿನ ರಕ್ತದೊತ್ತಡ ಇಳಿಯಬಹುದು. ಹಾಗಾಗಿ ಡಾರ್ಟ್ ತುಂಬುವುದು, ಆವರಣದೊಳಗೆ ಹೋಗುವುದು ಎರಡನ್ನೂ ಸಹೋದ್ಯೋಗಿಗಳಿಗೆ ಬಿಟ್ಟಿದ್ದೇನೆ. ಜಾಲರಿಯ ಹೊರಗೆ ನಿಂತು ತೋಳದ ನಡಿಗೆ, ಊಟ, ಗಾಯ ಗಮನಿಸಿ ಬರೆದಿಡೋದು ನನ್ನ ಪಾಲು.

ಕೊಪ್ಪಳದಂಥ ತೋಳವಿರುವ ಜಿಲ್ಲೆಗಳಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ಹೊಲದಲ್ಲಿ ಮರಿ ಕಂಡರೆ ಎತ್ತಿಕೊಂಡು ಬರಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತೋಳವನ್ನು ಮನೆಯಲ್ಲಿ ಸಾಕುವುದು ಅಪರಾಧ.

ನಾಯಿಯನ್ನು ಬೀದಿಗೆ ಬಿಡುವ ಮುಂಚೆ ಅದರ ಲಸಿಕೆ ಚೀಟಿ ತೆಗೆದು ನೋಡಿ. ಮುಂದಿನ ತಪಾಸಣೆಗೆ ಹೋದಾಗ ಮನೆಯಲ್ಲಿ ಯಾವ ಪ್ರಾಣಿ ಇದೆ ಅಂತ ನಿಮ್ಮ ಡಾಕ್ಟರಿಗೂ ಹೇಳಿ.