ಮುಳ್ಳಯ್ಯನಗಿರಿ ಮುಗಿಯುವ ಎತ್ತರದಲ್ಲಿ ಮೊದಲ ಹೆಜ್ಜೆ

ಹಿಮಾಲಯದಲ್ಲಿ ಮೊದಲ ಚಾರಣ ಎಂದು ಗೆಳೆಯರ ಗುಂಪು ಮಾತಿಗೆ ಕೂತರೆ ಕೇದಾರಕಂಠದ ಹೆಸರು ಬಂದೇ ಬರುತ್ತದೆ. ಉತ್ತರಾಖಂಡದ ಈ ಶಿಖರದ ಎತ್ತರ ಸುಮಾರು 3,800 ಮೀಟರ್. ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯೇ 1,950 ಮೀಟರಿನ ಆಸುಪಾಸಿನಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ಬೆಟ್ಟಗಳು ಮುಗಿಯುವಲ್ಲಿ ಅಲ್ಲಿನ ಏರು ಆರಂಭ.

ಹಾಗಾಗಿ ‘ನಾವು ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿಳಿದವರು’ ಎಂಬ ಧೈರ್ಯ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಕುಕ್ಕೆಯಿಂದ ಆ ತುದಿಗೆ ಸಾವಿರದ ಐನೂರು ಮೀಟರಿಗೂ ಹೆಚ್ಚು ಏರಬೇಕು; ಕಾಲಿಗೆ, ಮಂಡಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಬೇಕಿಲ್ಲ. ಆದರೆ 3,800 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕೂ ಕಡಿಮೆ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಇದಕ್ಕೆ ದೇಹ ಒಗ್ಗಬೇಕಾದದ್ದು ಅಲ್ಲೇ, ನಿಧಾನವಾಗಿ. ಊರಿನಲ್ಲಿ ಎಷ್ಟು ಓಡಿದರೂ ಈ ಒಗ್ಗುವಿಕೆ ಬರುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೇ ಬೇಗ ಬೇಗ ಏರಿ ಮೊದಲು ಮಲಗುವುದೂ ಉಂಟು.

ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವು ಕಂಡರೆ ಮೇಲೆ ಹೋಗದೆ ಅಲ್ಲೇ ತಂಗಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ನಡೆಯುವಾಗ ತೂರಾಡುವುದು, ಮಾತು ಅಸ್ತವ್ಯಸ್ತವಾಗುವುದು, ಕೂತಿದ್ದಾಗಲೂ ಏದುಸಿರು ಬರುವುದು ಕಂಡರೆ ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿರಬಹುದು. ಆಗ ರಾತ್ರಿಯಾಗಿದ್ದರೂ ಇಳಿಸಲೇಬೇಕು. ಎತ್ತರದ ಕಾಯಿಲೆಗೆ ಬಳಸುವ ಡೈಮಾಕ್ಸ್ ಮಾತ್ರೆಯನ್ನು ಗೆಳೆಯ ಹೇಳಿದನೆಂದು ನುಂಗಬೇಡಿ. ಸಲ್ಫಾ ಔಷಧಿ ಆಗದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಗೆಳೆಯರ ಗುಂಪಿನ ನಿಜವಾದ ಅಪಾಯ ಇಲ್ಲೇ. ‘ನನ್ನಿಂದ ಎಲ್ಲರ ಟ್ರಿಪ್ ಹಾಳಾಗಬಾರದು’ ಎಂದು ಒಬ್ಬ ತಲೆನೋವು ಮುಚ್ಚಿಡುತ್ತಾನೆ. ಉಳಿದವರು ‘ಇನ್ನೊಂದು ಗಂಟೆ ಅಷ್ಟೇ ಮಗಾ’ ಎಂದು ಹುರಿದುಂಬಿಸುತ್ತಾರೆ. ಗೈಡ್‌ಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ದಾರಿ ತೋರಿಸುವುದಕ್ಕಲ್ಲ, ವಾಪಸ್ ಹೋಗೋಣ ಎಂದು ಹೇಳುವುದಕ್ಕೆ ಎಂಬುದು ನನ್ನ ಎಣಿಕೆ. ಗೈಡ್ ತಿರುಗಿ ಎಂದರೆ ಚರ್ಚೆಯಿಲ್ಲ. ಒಬ್ಬರನ್ನು ಇಳಿಸಬೇಕಾದರೆ ಯಾರು ಜೊತೆಗೆ ಹೋಗುವುದು? ಎಲ್ಲರಿಗಿಂತ ನಿಧಾನದವರ ನಡಿಗೆಯೇ ಗುಂಪಿನ ನಡಿಗೆ. ಇಷ್ಟನ್ನು ಟಿಕೆಟ್ ಮಾಡಿಸುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಹವಾಮಾನದ ಲೆಕ್ಕವೂ ಇರಲಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಜೂನ್ ಅಲ್ಲಿ ಬೇಸಿಗೆ. ತಿಂಗಳು ನೋಡಿ ಹವಾಮಾನವನ್ನು ನಂಬುವಂತಿಲ್ಲ.

ಸಂಸ್ಥೆಯನ್ನು ಆರಿಸುವಾಗ ಫೋಟೊ, ರಿಯಾಯಿತಿಗಳನ್ನು ಬದಿಗಿಟ್ಟು ನೇರವಾಗಿ ಕೇಳಿ. ಎಷ್ಟು ಜನರಿಗೆ ಒಬ್ಬ ಗೈಡ್? ಅವರು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂಥ ಕಡೆ ತರಬೇತಿ ಪಡೆದಿದ್ದಾರೆಯೇ? ಆಮ್ಲಜನಕದ ಸಿಲಿಂಡರ್, ಸ್ಟ್ರೆಚರ್ ಮೇಲಿನ ಕ್ಯಾಂಪಿನವರೆಗೂ ಬರುತ್ತವೆಯೇ, ಸಾಂಕ್ರಿಯಲ್ಲೇ ಉಳಿಯುತ್ತವೆಯೇ? ಪ್ರತಿದಿನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಾರೆಯೇ? ಅರಣ್ಯ ಇಲಾಖೆಯ ಪರವಾನಗಿ, ಹೇಸರಗತ್ತೆಯ ಬಾಡಿಗೆ, ಹಿಮದ ಮೇಲೆ ಜಾರದಂತೆ ಬೂಟಿಗೆ ತೊಡಿಸುವ ಮೈಕ್ರೋಸ್ಪೈಕ್ ಇವೆಲ್ಲ ಶುಲ್ಕದಲ್ಲೇ ಸೇರಿವೆಯೇ? ಉತ್ತರ ತೇಲಿಸಿದರೆ ಬೇರೆಯವರನ್ನು ನೋಡಿ.

ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್. ಪುರೋಲಾ, ಮೋರಿ, ನೈಟ್ವಾಡ್ ದಾಟುವ ಈ ಘಾಟಿ ರಸ್ತೆಗೆ ಒಂದಿಡೀ ದಿನ ಬೇಕು. ವಾಂತಿಯಾಗುವವರು ಮುಂದಿನ ಸೀಟು ಹಿಡಿಯಿರಿ. ಸಾಂಕ್ರಿಯಿಂದ ಪೈನ್ ಕಾಡಿನ ಏರಿನಲ್ಲಿ ಜೂಡಾ ಕಾ ತಾಲಾಬ್ ಎಂಬ ಕೆರೆ, ಅದರ ಮೇಲೆ ಬೇಸ್ ಕ್ಯಾಂಪ್. ಶಿಖರದ ದಿನ ನಸುಕಿನ ಕತ್ತಲಲ್ಲೇ ಎಬ್ಬಿಸುತ್ತಾರೆ. ಸೂರ್ಯೋದಯ ನೋಡಲಿ ಎಂದಷ್ಟೇ ಅಲ್ಲ: ರಾತ್ರಿ ಗಟ್ಟಿಯಾದ ಹಿಮ ಬಿಸಿಲೇರಿದ ಮೇಲೆ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡವೂ ಕವಿಯಬಹುದು. ತುದಿಯಿಂದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಕಾಣುತ್ತವೆ.

ಜೀನ್ಸ್, ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ, ಮೈ ಕೊರೆಯುತ್ತದೆ. ಬೂಟನ್ನು ತಿಂಗಳು ಮುಂಚೆ ಕೊಂಡು ಊರಲ್ಲೇ ಹಾಕಿ ಪಳಗಿಸಿ. ಬೆರಳು ಮುಂದೆ ತಾಗುವಂತಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಯಾರೋ ಒಬ್ಬರು ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡಿರುತ್ತಾರಲ್ಲ, ಅದು ಸಾಂಕ್ರಿಗೂ ಬರದಿರಲಿ. ವಾಪಸಾಗುವ ವಿಮಾನವನ್ನು ಮಾತ್ರ ಒಂದು ದಿನ ಬಿಟ್ಟು ಕಾದಿರಿಸಿ. ಹಿಮ ಬಿದ್ದೋ ಗುಡ್ಡ ಕುಸಿದೋ ರಸ್ತೆ ಕಟ್ಟಿದರೆ ಜೀಪಿನವರು ಏನೂ ಮಾಡುವಂತಿಲ್ಲ.