ಅಂಚೆಚೀಟಿಯಷ್ಟು ಜಾಗ, 123 ಗಜ ದೂರ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ರಾಯಲ್ ಟ್ರೂನ್ ಗಾಲ್ಫ್ ಕ್ಲಬ್ಬಿನ ಆರನೇ ಹೋಲ್ ಉದ್ದ 623 ಗಜ. 2024ರಲ್ಲಿ ಅಲ್ಲಿ ಓಪನ್ ಚಾಂಪಿಯನ್‌ಷಿಪ್ ನಡೆದಾಗ, ಆ ಪಂದ್ಯಾವಳಿಯ ಇತಿಹಾಸದಲ್ಲೇ ಅಷ್ಟುದ್ದದ ಹೋಲ್ ಅದಕ್ಕೆ ಮುಂಚೆ ಇರಲಿಲ್ಲ. ಏಳನೆಯದನ್ನೂ ದಾಟಿ ಮುಂದೆ ನಡೆದರೆ ಎಂಟನೆಯದು ಎದುರಾಗುತ್ತದೆ: ಬರೀ 123 ಗಜ. ಓಪನ್ ನಡೆಯುವ ಮೈದಾನಗಳಲ್ಲೆಲ್ಲ ಇದೇ ಗಿಡ್ಡದ್ದು. ಉದ್ದದ ಹೋಲನ್ನು ಜನ ಮರೆತರೂ ಮರೆತಾರು. ಎಂಟನೆಯ ‘ಪೋಸ್ಟೇಜ್ ಸ್ಟ್ಯಾಂಪ್’ ಹೆಸರು ಕೇಳದ ಗಾಲ್ಫ್ ಆಟಗಾರ ಸಿಗುವುದು ಕಷ್ಟ.

ಆಟದ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಈ ಎಂಟನೆಯದು ಪಾರ್ ತ್ರೀ, ಅಂದರೆ ನುರಿತ ಆಟಗಾರ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಮೊದಲ ಹೊಡೆತದ ಜಾಗವಾದ ಟೀಯಿಂದ ಒಂದೇ ಹೊಡೆತಕ್ಕೆ ಚೆಂಡು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ, ಕೂರಬೇಕು, ಅಲ್ಲಿಂದ ಎರಡು ಪಟ್‌ನಲ್ಲಿ ಕುಳಿಗೆ ಬೀಳಬೇಕು. ಇವತ್ತಿನ ವೃತ್ತಿಪರರು ಡ್ರೈವರ್ ಹಿಡಿದರೆ ಚೆಂಡು 300 ಗಜ ಹೋಗುತ್ತದೆ. ಅಂಥವರ ಮುಂದೆ 123 ಗಜ ಇಟ್ಟು ಹೆದರಿಸುವುದು ಹೇಗೆ? ಮೈದಾನ ವಿನ್ಯಾಸಕಾರರ ನಿಜವಾದ ಕಸುಬುಗಾರಿಕೆ ತಿಳಿಯುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಉದ್ದ ಹೆಚ್ಚಿಸಿ ಕಷ್ಟ ಕೊಡುವುದಕ್ಕೆ ಜಾಗವೊಂದಿದ್ದರೆ ಸಾಕು. 2007ರ ಯು.ಎಸ್. ಓಪನ್‌ನ ಕೊನೆಯ ದಿನ ಅಮೆರಿಕದ ಓಕ್‌ಮಾಂಟ್‌ನಲ್ಲಿ ಎಂಟನೇ ಹೋಲನ್ನು 300 ಗಜಕ್ಕೆ ಎಳೆದು, ಅದನ್ನೂ ಪಾರ್ ತ್ರೀ ಎಂದೇ ಆಡಿಸಿದರು. ಅಲ್ಲಿ ಹಿನ್ನಡೆದವನು ದೂರವನ್ನು ದೂರಬಹುದು. ಗಿಡ್ಡ ಹೋಲ್ ಆ ನೆಪವನ್ನೇ ಉಳಿಸುವುದಿಲ್ಲ. ಚೆಂಡು ಟೀ ಮೇಲೆ ಅಚ್ಚುಕಟ್ಟಾಗಿ ಕೂತಿದೆ, ಗುರಿ ಕಣ್ಣೆದುರಿಗಿದೆ, ದೂರ ಎಷ್ಟೆಂದು ಗೊತ್ತಿದೆ.

ಟ್ರೂನ್‌ನಲ್ಲಿ ಟೀ ಇರುವುದು ಎತ್ತರದಲ್ಲಿ. ನಡುವೆ ತಗ್ಗು. ಆಚೆ ದೊಡ್ಡ ಮರಳುದಿಬ್ಬದ ಪಕ್ಕೆಗೆ ಅಂಟಿಕೊಂಡಂತೆ ಗ್ರೀನ್. ಅದರ ಹಾಸು ಅಂಚೆಚೀಟಿಯಷ್ಟೇ ಎಂಬರ್ಥದಲ್ಲಿ ವಿಲ್ಲಿ ಪಾರ್ಕ್ ಜೂನಿಯರ್ ಪತ್ರಿಕೆಯೊಂದರಲ್ಲಿ ಬರೆದದ್ದರಿಂದ ಈ ಹೆಸರು ನಿಂತಿತು. ಗ್ರೀನ್ ಆಟಗಾರನಿಂದ ಆಚೆಗೆ ಉದ್ದಕ್ಕೆ ಚಾಚಿದೆ, ಅಗಲದಲ್ಲಿ ಮಾತ್ರ ತೀರಾ ಇಕ್ಕಟ್ಟು. ದೂರದ ಲೆಕ್ಕ ಕೊಂಚ ತಪ್ಪಿದರೆ ಕ್ಷಮೆ ಉಂಟು, ದಿಕ್ಕು ತಪ್ಪಿದರೆ ಇಲ್ಲ. ಸುತ್ತ ಐದು ಬಂಕರ್‌ಗಳಿವೆ, ಅಂದರೆ ಮರಳುಗುಂಡಿಗಳು. ಎಡಗಡೆ ಒಂದಕ್ಕೆ ‘ಕಾಫಿನ್’ ಎಂದೇ ಹೆಸರು: ಶವಪೆಟ್ಟಿಗೆಯ ಹಾಗೆ ಉದ್ದ, ಕಿರಿದು, ಆಳ. ಚೆಂಡು ಅದರ ಗೋಡೆಯ ಬುಡಕ್ಕೆ ಹೋಗಿ ನಿಂತರೆ ಧ್ವಜದ ಕಡೆ ಹೊಡೆಯುವ ದಾರಿಯೇ ಮುಚ್ಚುತ್ತದೆ. ಕೋಲು ಬೀಸಲೂ ಜಾಗ ಇರುವುದಿಲ್ಲ. ಒಂದು ಕಾಲು ಮರಳಲ್ಲಿ, ಇನ್ನೊಂದು ಅಂಚಿನ ಹುಲ್ಲಿನಲ್ಲಿ ಊರಿ, ಅಡ್ಡಕ್ಕೋ ಹಿಂದಕ್ಕೋ ಚೆಂಡನ್ನು ತಳ್ಳಿದರೆ ಅದೇ ಪುಣ್ಯ. ರಭಸ ಹೆಚ್ಚಾದರೆ ಚೆಂಡು ಗ್ರೀನ್ ದಾಟಿ ಎದುರುಗಡೆಯ ಬಂಕರ್ ಸೇರುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. 1950ರ ಓಪನ್‌ನಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಹೀಗೆ ಬಂಕರ್‌ನಿಂದ ಬಂಕರ್‌ಗೆ ಅಲೆದು, ಈ ಒಂದು ಹೋಲಿಗೆ 15 ಹೊಡೆತ ತೆತ್ತರು. 1997ರ ಕೊನೆಯ ಸುತ್ತಿನಲ್ಲಿ ಟೈಗರ್ ವುಡ್ಸ್‌ಗೆ ಆರು ಬೇಕಾಯಿತು. 2016ರಲ್ಲಿ ಅಭ್ಯಾಸದ ವೇಳೆ ರೋರಿ ಮೆಕಿಲ್‌ರಾಯ್‌ಗೆ ಒಂಬತ್ತು.

ಇವೆಲ್ಲದರ ಮೇಲೆ ಕಡಲ ಗಾಳಿ. ನಿಶ್ಚಲ ದಿನದಲ್ಲಿ ಹತ್ತಿರದ ಹೊಡೆತದ ಕೋಲಾದ ವೆಜ್ ಸಾಕು. ಗಾಳಿ ಎದುರಾದರೆ ಅದೇ ದೂರಕ್ಕೆ ಉದ್ದನೆಯ ಐರನ್ ಬೇಕು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಏಳನೇ ಹೋಲ್ ಇನ್ನೂ ಚಿಕ್ಕದು, ಸುಮಾರು 107 ಗಜ, ಇಳಿಜಾರಿನ ತುದಿಯಲ್ಲಿ ಪೆಸಿಫಿಕ್ ಸಾಗರ. 1992ರ ಯು.ಎಸ್. ಓಪನ್‌ನ ಕೊನೆಯ ದಿನ ಬೀಸಿದ ಗಾಳಿಗೆ ಟಾಮ್ ಕೈಟ್ ಅಲ್ಲಿ 6 ಐರನ್ ಹಿಡಿದರು. ಚೆಂಡು ಗ್ರೀನ್ ತಪ್ಪಿತು. ಆದರೆ ಪಕ್ಕದ ಹುಲ್ಲಿನಿಂದ ಚಿಪ್ ಮಾಡಿದ್ದು ನೇರ ಕುಳಿಗೇ ಬಿತ್ತು, ಆ ಪ್ರಶಸ್ತಿ ಅವರದಾಯಿತು.

ನನಗೆ ಮುಖ್ಯವೆನಿಸುವುದು ತಪ್ಪಿದವನಿಗೂ ಸಿಗುವ ಈ ಇನ್ನೊಂದು ಅವಕಾಶ. ಫ್ಲೋರಿಡಾದ ಟಿಪಿಸಿ ಸಾಗ್ರಾಸ್‌ನ 17ನೇ ಹೋಲ್ ಟಿವಿಯಿಂದಾಗಿ ಹೆಚ್ಚು ಪ್ರಸಿದ್ಧ. ಮೈದಾನದ ಉಳಿದ ಭಾಗಕ್ಕೆಂದು ಅಲ್ಲಿಂದ ಒಳ್ಳೆಯ ಮರಳನ್ನು ಅಗೆದು ಸಾಗಿಸಿ ಸಾಗಿಸಿ ದೊಡ್ಡ ಗುಂಡಿಯಾಗಿತ್ತು. ಅದನ್ನು ನೀರಿನಿಂದ ತುಂಬಿ ಗ್ರೀನನ್ನು ದ್ವೀಪ ಮಾಡೋಣ ಎಂದವರು ವಿನ್ಯಾಸಕಾರ ಪೀಟ್ ಡೈ ಅವರ ಪತ್ನಿ, ಸ್ವತಃ ವಿನ್ಯಾಸಕಾರ್ತಿಯಾದ ಆಲಿಸ್ ಡೈ. ಬೆಂಗಳೂರಿನ ಅನಿರ್ಬನ್ ಲಾಹಿರಿ 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಇಲ್ಲೇ ಆಡಿ, ಕ್ಯಾಮರಾನ್ ಸ್ಮಿತ್‌ಗಿಂತ ಒಂದೇ ಹೊಡೆತ ಹಿಂದೆ ಉಳಿದು ಎರಡನೆಯವರಾದರು. ಅಂಥ ಹೊತ್ತಿನಲ್ಲಿ ಆ ದ್ವೀಪದ ಕಡೆ ಚೆಂಡು ಹಾರುವುದನ್ನು ಉಸಿರು ಬಿಗಿಹಿಡಿದೇ ನೋಡಬೇಕು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಟ್ರೂನ್ ಕಡೆಗೆ. ನೀರಿಗೆ ಬಿದ್ದ ಚೆಂಡಿನ ಕಥೆ ಅಲ್ಲಿಗೆ ಮುಗಿಯಿತು, ದಂಡ ಕಟ್ಟಿ ಬೇರೆ ಚೆಂಡು ಇಡಬೇಕು. ಮರಳಿಗೆ ಬಿದ್ದವನ ಕೈಯಲ್ಲಿ ಆಟ ಇನ್ನೂ ಇರುತ್ತದೆ. ಅವನ ಕಲೆಗೆ ಅಲ್ಲಿ ಬೆಲೆ ಇದೆ.

ಇದಕ್ಕೆ ಜೀನ್ ಸಾರಜೆನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1923ರಲ್ಲಿ ಟ್ರೂನ್‌ಗೆ ಬಂದಿದ್ದಾಗ ಅರ್ಹತಾ ಸುತ್ತು ದಾಟಲಾಗದೆ ಮರಳಿದ್ದವರು. 50 ವರ್ಷದ ನಂತರ, 1973ರ ಓಪನ್‌ಗೆ, 71ರ ವಯಸ್ಸಿನಲ್ಲಿ ಮತ್ತೆ ಬಂದರು. ಮೊದಲ ಸುತ್ತಿನಲ್ಲಿ ಈ ಎಂಟನೇ ಹೋಲಿನಲ್ಲಿ 5 ಐರನ್‌ನಿಂದ ಹೊಡೆದದ್ದು ನೇರ ಕುಳಿಗೆ: ಹೋಲ್ ಇನ್ ಒನ್. ಮರುದಿನ ಅಲ್ಲೇ ಚೆಂಡು ಬಂಕರ್‌ಗೆ ಬಿತ್ತು. ಈಗಿನ ಸ್ಯಾಂಡ್ ವೆಜ್‌ನ ಜನಕ ಎಂದು ಗಾಲ್ಫ್ ಲೋಕ ಗೌರವಿಸುವುದು ಈ ಸಾರಜೆನ್‌ರನ್ನೇ. ಮರಳಿನಿಂದ ಎತ್ತಿದ ಚೆಂಡು ಅವತ್ತೂ ಕುಳಿ ಸೇರಿತು. ಎರಡು ದಿನಕ್ಕೆ ಮೂರು ಹೊಡೆತ, ಪಟರ್ ಮುಟ್ಟಲೇ ಇಲ್ಲ. ಅದೇ ಮೈದಾನದ ಉದ್ದನೆಯ ಆರನೇ ಹೋಲಿನಲ್ಲಿ 71ರ ಹಿರಿಯರೊಬ್ಬರು ಹರೆಯದವರನ್ನು ಹೀಗೆ ಹಿಂದಿಕ್ಕಲು ಸಾಧ್ಯವೇ ಇರಲಿಲ್ಲ.

ಚೆಂಡು, ಕೋಲುಗಳ ತಂತ್ರಜ್ಞಾನ ಬೆಳೆದಂತೆಲ್ಲ ಮೈದಾನಗಳು ಉದ್ದವಾಗುತ್ತಿವೆ, ಜೊತೆಗೆ ನೀರು, ಹುಲ್ಲು, ನಿರ್ವಹಣೆಯ ಖರ್ಚೂ ಏರುತ್ತಿದೆ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್‌ನಂತೆ ನಗರದ ನಟ್ಟನಡುವೆ ಉಳಿದುಕೊಂಡ ಮೈದಾನಗಳಿಗೆ ಬೆಳೆಯಲು ಜಾಗವೆಲ್ಲಿದೆ? ಅಂಥ ಕಡೆ ಟೀಯನ್ನು ಹಿಂದೆ ಸರಿಸಲು ನೆಲ ಹುಡುಕುವ ಮುಂಚೆ, ಒಂದು ಗ್ರೀನನ್ನಾದರೂ ಕಿರಿದು ಮಾಡಿ, ಪಕ್ಕದ ಬಂಕರನ್ನು ಆಳ ಮಾಡಿ ಆಡಿಸಿ ನೋಡಬೇಕು.