ರಾಕೆಟ್‌ನ ಎಲೆಕ್ಟ್ರಾನಿಕ್ಸ್ ಡಬ್ಬಿಗೆ ತೂತು ಯಾಕೆ?

ಪ್ರಶ್ನೆ: ಮಗನ ಕಾಲೇಜಿನವರು ದೊಡ್ಡ ಮಾದರಿ ರಾಕೆಟ್ ಕಟ್ಟುತ್ತಿದ್ದಾರೆ. ಎಲೆಕ್ಟ್ರಾನಿಕ್ಸ್ ಇಡುವ ಡಬ್ಬಿಯ ಎರಡೂ ತುದಿ ಬಿಗಿಯಾಗಿ ಮುಚ್ಚಿ, ಆಮೇಲೆ ಪಕ್ಕದಲ್ಲಿ ತೂತು ಕೊರೆಯುತ್ತಾರಲ್ಲ, ಯಾಕೆ?
– ಓದುಗರೊಬ್ಬರು, ವಟ್ವಾ, ಅಹಮದಾಬಾದ್

ಉತ್ತರ: ಎರಡೂ ಬೇಕು. ಒಳಗಿನ ಆಲ್ಟಿಮೀಟರ್ ಎತ್ತರ ತಿಳಿಯುವುದು ಗಾಳಿಯ ಒತ್ತಡದಿಂದ. ನೆಲದ ಹತ್ತಿರ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಇಳಿಯುವುದು ನಿಂತು ಮತ್ತೆ ಏರತೊಡಗಿತೋ, ರಾಕೆಟ್ ತುತ್ತತುದಿ ದಾಟಿತೆಂದು ಲೆಕ್ಕ. ಪ್ಯಾರಾಚೂಟ್ ಹೊರದಬ್ಬುವ ಕರಿಮದ್ದಿಗೆ ಆಗ ಕಿಡಿ. ಹೊರಗಿನ ಒತ್ತಡ ಒಳಗೆ ಬರಲು ತೂತೇ ದಾರಿ. ಒಂದೇ ಇದ್ದರೆ ಅಡ್ಡಗಾಳಿಗೆ ಅಳತೆ ತಪ್ಪೀತು. ಸುತ್ತಲೂ ಸಮ ಅಂತರದಲ್ಲಿ 3 ಅಥವಾ 4 ಇರಲಿ, ಅಂಚು ನಯವಾಗಿರಲಿ. ತುದಿಯ ಮುಚ್ಚಳಗಳಲ್ಲಿ ಮಾತ್ರ ವೈರ್ ಹಾಯುವ ಸಂದಿಯೂ ಉಳಿಯಬಾರದು. ಮದ್ದಿನ ಹೊಗೆ ನುಗ್ಗಿದರೆ ಸೆನ್ಸರ್ ಮೋಸ ಹೋಗುತ್ತದೆ, ಬೋರ್ಡೂ ಹಾಳು. ಬ್ಯಾಟರಿಯನ್ನು ಜಿಪ್ ಟೈ ಹಾಕಿ ಬಿಗಿಯಿರಿ, ಬರೀ ಸ್ಪ್ರಿಂಗ್ ನಂಬಬೇಡಿ. ಸ್ವಿಚ್ ಹಾಕುವುದು ರಾಕೆಟ್ ಲಾಂಚರ್ ಮೇಲೆ ನೆಟ್ಟಗೆ ನಿಂತ ನಂತರವೇ.

ಡಬ್ಬಿ ಮಾಡಿಸಲು ವಟ್ವಾ ಜಿಐಡಿಸಿಯಂಥ ಕೈಗಾರಿಕಾ ವಸಾಹತಿನಲ್ಲಿ ಕಷ್ಟವೇನಿಲ್ಲ. ಹಾರಿಸುವುದು ಬೇರೆ ಮಾತು, ಮದ್ದಿಗೆ ಸ್ಫೋಟಕ ಕಾಯ್ದೆ ಅಡ್ಡ ಬರುತ್ತದೆ. ನಿಮ್ಮೂರ ಬೋಪಲ್‌ನಲ್ಲೇ, ಖಾಸಗಿ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್-ಸ್ಪೇಸ್‌ನ ಪ್ರಧಾನ ಕಚೇರಿಯಿದೆ, 2022ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು. ಮಗನ ತಂಡ ಮೊದಲು ಅಲ್ಲಿ ವಿಚಾರಿಸಲಿ.